ಬಲ ಮಗ್ಗುಲು

“ಸುಳ್ ಟಿಕ್ ಆಕಿದ್ದೀಯಲ್ಲವ್ವಾ! ನಾಚ್ಕೆ ಆಗಕಿಲ್ವಾ ನಿಂಗೆ?”

ಜಗನ್ ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಪರ್ರನೆ ಕಿತ್ತು ತಾಯಿಯ ಮೂಗಿನ ಮುಂದೆ ಹಿಡಿದ. ಹಳೇ ಕ್ಯಾಲೆಂಡರಿನ ಹಿಂಬದಿ ಅದು. ಅವನೇ ಸ್ಕೇಲಿಟ್ಟು ಗೆರೆ ಎಳೆದಿದ್ದ. ಬೆಳಿಗ್ಗೆ ಆರಕ್ಕೆ ಎಡ ಮಗ್ಗುಲು, ಎಂಟಕ್ಕೆ ಅಂಗಾತ, ಹತ್ತಕ್ಕೆ ಬಲ ಮಗ್ಗುಲು, ಹನ್ನೆರಡಕ್ಕೆ ಮತ್ತೆ ಎಡ. ಹೀಗೆ ಎರಡೆರಡು ಗಂಟೆಗೊಮ್ಮೆ ಲಕ್ವ ಹೊಡೆದು ಮಲಗಿದ ಅಪ್ಪನನ್ನು ಹೊರಳಿಸಬೇಕು, ಹೊರಳಿಸಿದ ಮೇಲೆ ಟಿಕ್ ಹಾಕಬೇಕು. ಓದು ಬಾರದ ಸಾಕಮ್ಮನಿಗೆ ತಿಳಿಯಲೆಂದು ಒಂದೊಂದರ ಪಕ್ಕದಲ್ಲೂ ಗಡಿಯಾರದ ಮುಳ್ಳಿನ ಚಿತ್ರ ಬರೆದಿದ್ದ.

“ಹತ್ತಕ್ಕೆ ಬಲ, ಟಿಕ್. ನಾಕಕ್ಕೆ ಬಲ, ಟಿಕ್. ವಾರ ಪೂರ್ತಿ ಟಿಕ್ಕೇ ಟಿಕ್ಕು. ಅಂಗಾದ್ರೆ ಸೊಂಟದ ಮೂಳೆ ಮೇಲೆ ಹುಣ್ಣು ಎಂಗವ್ವಾ ಬಂತು? ಮೂರು ಹೊತ್ತೂ ಅಂಗಾತ ಬಿದ್ದಿದ್ರೇನೇ ಅಲ್ಲಿ ಹುಣ್ಣಾಗೋದು. ನಾನು ಆಸ್ಪತ್ರೇಲಿ ದಿನಕ್ಕೆ ಹತ್ತು ಜನನ್ನ ಹೊರಳಿಸ್ತೀನಿ. ನಿಂಗೆ ಒಬ್ಬನ್ನ ಹೊರಳ್ಸಕ್ಕಾಗಕಿಲ್ವಾ?”

ಸಾಕಮ್ಮ ಒಲೆಯ ಮುಂದೆ ಕೂತು ಕೋಲಿನಿಂದ ಮುದ್ದೆ ತೊಳಸುತ್ತಿದ್ದಳು. ತಲೆ ಎತ್ತಲಿಲ್ಲ.

“ಕಿವಿ ಕೇಳ್ತಾ ಇಲ್ವಾ?”

“ಕೇಳ್ತಾ ಅದೆ ಕಣಪ್ಪ. ಊರ್ಗೆಲ್ಲ ಕೇಳ್ತಾ ಅದೆ.”

ದೊಡ್ಡ ಮಗ ನಟರಾಜ್ ಆಗಷ್ಟೇ ನರಸೀಪುರದಿಂದ ಗೂಡ್ಸ್ ಆಟೋ ತಂದು ನಿಲ್ಲಿಸಿ ಜಗುಲಿಯಲ್ಲಿ ಕಾಲು ತೊಳೆಯುತ್ತಿದ್ದ. ಅಲ್ಲಿಂದಲೇ ಕೂಗಿದ: “ಬಗ್ಗಕ್ಕಾಗಕಿಲ್ಲ ಅವ್ಳ್ಗೆ. ಕೆಂಪಾಜಮ್ಮನ ಜಗುಲೀಲಿ ಕುಂತು ಮಾತಾಡಕ್ಕೆ ಮಾತ್ರ ಆಯ್ತದೆ.”

“ಮಾವ ಒಂದು ಮೂಟೆ ಭಾರ ಅವ್ರೆ ಕಣ್ರೀ,” ಎಂದಳು ಕೋಮಲ, ಅವನ ಹೆಂಡತಿ. ಗಾರ್ಮೆಂಟ್ಸಿನಿಂದ ಬಂದವಳು ಇನ್ನೂ ಐಡಿ ಕಾರ್ಡು ಕೂಡ ಕಳಚಿರಲಿಲ್ಲ. “ಅತ್ತೆ ಒಬ್ರೇ ಎಂಗೆ...”

ಚೊಂಬು ಹಾರಿ ಬಂತು. ಕೋಮಲಳ ತಲೆಯ ಪಕ್ಕದ ಗೋಡೆಗೆ ಬಡಿದು ಉರುಳಿತು.

“ನಿನ್ನ ಕೇಳಿದ್ರಾ ಇಲ್ಲಿ?”

ಕೋಣೆಯ ಒಳಗಿನಿಂದ ಮುದುಕನ ಗಂಟಲು ಗೊಗ್ಗರಿಸಿತು: “ಮುಂಡೆ!”

ಆ ಮನೆಯಲ್ಲಿ ಎಲ್ಲರೂ ಮಾತಾಡಿದ ಮೇಲೆ ಕೊನೆಯ ಮಾತು ಅದೇ.

ಚಿಕ್ಕಮಾದು ಮೂವತ್ತು ವರ್ಷ ನಾಲೆಯ ನೀರುಗಂಟಿಯಾಗಿದ್ದವನು. ತೂಬಿನ ಚಕ್ರ ತಿರುಗಿಸಿ ತಿರುಗಿಸಿ ಕೈಗಳು ಒನಕೆಯಾಗಿದ್ದವು. ಎಡಚ. ಉಣ್ಣುವುದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಎಡಗೈಯಲ್ಲೇ, ಹೆಂಡತಿಯನ್ನು ಹೊಡೆಯುವುದೂ. ಆ ಎಡಗೈಯ ಒಂದು ಏಟಿಗೆ ಸಾಕಮ್ಮನ ಬಲಗಿವಿ ಮುಚ್ಚಿಕೊಂಡು ಇಪ್ಪತ್ತು ವರ್ಷವಾಗಿತ್ತು. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದು ಬಿದ್ದ. ಬಲಗೈ, ಬಲಗಾಲು ಸತ್ತವು. ಮಾತೆಲ್ಲ ಹೋಗಿ ಬೈಗುಳ ಒಂದು ಉಳಿಯಿತು. ಲಕ್ವ ಹೊಡೆದವರಲ್ಲಿ ಹಾಗಾಗುವುದು ಉಂಟು, ಬಾಯಿಪಾಠ ಆದದ್ದು ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. “ಗಂಡ ಇನ್ನೂ ಉಸ್ರಾಡ್ತಾ ಅವ್ನೆ, ಎಂಡ್ತೀನ ಮುಂಡೆ ಅಂತಾವ್ನಲ್ಲ, ಅವಸರ ಏನೋ,” ಎಂದು ಹೆಮ್ಮಿಗೆಯ ಬೀದಿಯವರು ನಕ್ಕರು.

ಸಾಕಮ್ಮ ನಗಲಿಲ್ಲ. ಲಕ್ವ ಬಂದು ತಪ್ಪು ಕೈಯನ್ನು ತೆಗೆದುಕೊಂಡು ಹೋಗಿದೆ ಎನ್ನುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನವೇ ಅವಳಿಗೆ ತಿಳಿದಿತ್ತು.

ಮಂಚದ ಎಡಕ್ಕೆ ಗೋಡೆ, ಬಲಕ್ಕೆ ನಿಲ್ಲುವ ಜಾಗ. ಎಡ ಮಗ್ಗುಲಿಗೆ ತಳ್ಳಿದರೆ ಆ ಕೈ ಗೋಡೆಗೂ ಮೈಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿಸಿದರೆ ಒಂದು ಮಾರು ದೂರ ನಿಂತರಾಯಿತು. ಬಲ ಮಗ್ಗುಲಿಗೆ ತಿರುಗಿಸಬೇಕಾದರೆ ಮಾತ್ರ ಅವನ ಮೇಲೆ ಬಾಗಿ, ಭುಜ, ಸೊಂಟ ಹಿಡಿದು ತನ್ನ ಕಡೆಗೆ ಎಳೆದುಕೊಳ್ಳಬೇಕು. ಆಗ ಎಡಗೈ ಮೇಲಕ್ಕೆ ಬರುತ್ತದೆ. ಮೊದಲ ಸಲ ಜುಟ್ಟು ಹಿಡಿದು ಮಂಚದ ಕಂಬಿಗೆ ಹಣೆ ಬಡಿಸಿದ. ಎರಡನೇ ಸಲ ತೋಳಿನ ಮಾಂಸವನ್ನು ಉಗುರಲ್ಲಿ ತಿರುಚಿದ.

ನಟರಾಜನಿಗೆ ಅವಳು ಆವತ್ತೇ ಹೇಳಿದ್ದಳು. “ಪೇಷೆಂಟ್ ಅಲ್ವಾ, ಅವ್ನ್ಗೇನ್ ಗೊತ್ತಾಯ್ತದೆ? ದೊಡ್ಡದ್ ಮಾಡ್ಬ್ಯಾಡ,” ಎಂದು ಅವನು ಮೊಬೈಲ್ ನೋಡುತ್ತ ಉತ್ತರ ಕೊಟ್ಟ. ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಹತ್ತಕ್ಕೂ ನಾಲ್ಕಕ್ಕೂ ಬಾಗಿಲಲ್ಲಿ ನಿಂತು, ಮುಟ್ಟದೆ, ಟಿಕ್ ಹಾಕಿ ಬರುತ್ತಿದ್ದಳು.

ಈಗ ಆ ಟಿಕ್ಕು ಹುಣ್ಣಾಗಿ ಎದ್ದಿತ್ತು.

ಅವತ್ತಿನ ಜಗಳ ಉಣ್ಣುವ ಹೊತ್ತಿಗೆ ಆರಿತು. ಜಗನ್ ಹಾಳೆಯನ್ನು ಮತ್ತೆ ಗೋಡೆಗೆ ಅಂಟಿಸಿ, ಕೈತೊಳೆದು ಬಂದು ತಾಯಿಯನ್ನು ಮಂಚದ ಹತ್ತಿರ ಕರೆದ. ಕೆಲಸ ಹೇಳಿಕೊಡುವಾಗ ಅವನ ದನಿಯೇ ಬೇರೆ. ನಂಜನಗೂಡಿನ ನರ್ಸಿಂಗ್ ಹೋಮಿನಲ್ಲಿ ಎಲ್ಲರೂ ಅವನನ್ನು ಬ್ರದರ್ ಎನ್ನುತ್ತಾರೆ. ಮನೆಯಲ್ಲಿ ಅಣ್ಣ ‘ನರ್ಸಮ್ಮ’ ಎನ್ನುತ್ತಾನೆ. ಯಾರು ಏನಾದರೂ ಅನ್ನಲಿ, ಅವನು ಮುಟ್ಟಿದರೆ ಮುದುಕ ಬೆಕ್ಕಿನ ಹಾಗೆ ಸುಮ್ಮನಾಗುತ್ತಿದ್ದ.

“ಇಲ್ ನೋಡವ್ವ. ಹುಣ್ಣಾಗೋಕೆ ಮುಂಚೆ ಚರ್ಮ ಕೆಂಪಾಯ್ತದೆ ಅಂತ ಪುಸ್ತಕದಲ್ಲಿ ಬರ್ದವ್ರೆ. ಅದು ಬೆಳ್ಳಗಿರೋರ ಲೆಕ್ಕ. ನಮ್ ಬಣ್ಣಕ್ಕೆ ಕೆಂಪು ಕಾಣಕಿಲ್ಲ. ಕಣ್ಣನ್ನ ನಂಬ್ಬ್ಯಾಡ. ಕೈ ಮಗುಚಿ ಹಿಂಬದಿಯಿಂದ ಮುಟ್ಟು. ಪಕ್ಕದ ಜಾಗಕ್ಕಿಂತ ಬಿಸಿ ಅದೆಯಾ? ಗಟ್ಟಿ ಅದೆಯಾ? ಅಲ್ಲಿ ಒಳಗೆ ಮಾಂಸ ಸಾಯ್ತಾ ಅದೆ ಅಂತ ಅರ್ಥ.”

ಸಾಕಮ್ಮ ಮುಟ್ಟಿದಳು. ಬಿಸಿಯಿತ್ತು.

“ಗೊತ್ತಾಯ್ತಾ?”

“ಗೊತ್ತಾಯ್ತು.”

“ಗಂಜಿ ಕುಡ್ಸೋವಾಗ?”

“ದಿಂಬು ಕೊಟ್ಟು ನೆಟ್ಟಗೆ ಕೂರ್ಸದು. ಗದ್ದ ಬಗ್ಸದು. ಒಂದ್ ಚಮಚ. ಗಂಟ್ಲು ಮ್ಯಾಕ್ಕೋಗಿ ಕೆಳಕ್ಕಿಳಿದ ಮ್ಯಾಲೆ ಇನ್ನೊಂದು.”

“ಇಟ್ಟು, ಮುದ್ದೆ?”

“ಕೊಡಂಗಿಲ್ಲ.”

“ನೋಡು, ಎಲ್ಲಾ ಗೊತ್ತು ನಿಂಗೆ. ಮಾಡಕ್ಕೆ ಸೋಮಾರಿತನ ಅಷ್ಟೆ.”

ಸಾಕಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಗಾಜ್ ಬಟ್ಟೆ ಕತ್ತರಿಸಲು ತಿರುಗಿದ್ದ.

ಮಾರನೇ ದಿನದಿಂದ ಅವಳು ಬಲಕ್ಕೂ ಹೊರಳಿಸಿದಳು.

ಬೆಳಿಗ್ಗೆ ಆರೂವರೆ ಬಸ್ಸಿಗೆ ಜಗನ್ ಹೋಗುತ್ತಿದ್ದ. ಕೋಮಲಳನ್ನು ಫ್ಯಾಕ್ಟರಿ ವ್ಯಾನು ಹೊತ್ತೊಯ್ಯುತ್ತಿತ್ತು, ನಟರಾಜನ ಆಟೋ ಹೊಗೆ ಬಿಟ್ಟು ಮರೆಯಾಗುತ್ತಿತ್ತು. ಆಮೇಲೆ ಮನೆಯಲ್ಲಿ ಅವಳು, ಅವನು, ಗೋಡೆಯ ಮೇಲೆ ಗಡಿಯಾರ. ಹತ್ತು ಹೊಡೆಯುವ ಮುಂಚೆ ಸಾಕಮ್ಮ ಜುಟ್ಟನ್ನು ಬಿಗಿಯಾಗಿ ಗಂಟು ಹಾಕಿ ಸೆರಗಿನ ಒಳಗೆ ತೂರಿಸುತ್ತಿದ್ದಳು, ಬಳೆ ತೆಗೆದಿಡುತ್ತಿದ್ದಳು. ಮಂಚದ ಪಕ್ಕದ ಲೋಟ, ಟಾರ್ಚು, ಔಷಧಿ ಬಾಟಲಿ ಎಲ್ಲವನ್ನೂ ಕೈಗೆ ಎಟುಕದಷ್ಟು ದೂರ ಸರಿಸುತ್ತಿದ್ದಳು. ಆಮೇಲೆ ಬಾಗಿ ಹಿಡಿಯುತ್ತಿದ್ದಳು.

ಅವನು ಕಾದಿರುತ್ತಿದ್ದ. ಕಣ್ಣಲ್ಲಿ ಕಾಣುತ್ತಿತ್ತು, ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತು. ಮೈ ಅರ್ಧ ಹೊರಳಿದ ಕೂಡಲೇ ಗುದ್ದು ಪಕ್ಕೆಗೆ ಬೀಳುತ್ತಿತ್ತು, ಇಲ್ಲವೇ ಕುತ್ತಿಗೆಗೆ. ಅರ್ಧಕ್ಕೆ ಕೈ ಬಿಟ್ಟರೆ ಅವನು ಕೆಳಕ್ಕೆ ಬೀಳುತ್ತಾನೆ. ಆದ್ದರಿಂದ ಅವಳು ಹಲ್ಲು ಕಚ್ಚಿ, ಏಟು ತಿನ್ನುತ್ತಲೇ ಬೆನ್ನಿಗೆ ದಿಂಬು ಒತ್ತಿ, ಮಂಡಿಗಳ ನಡುವೆ ಬಟ್ಟೆ ಮಡಚಿ ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಟ್ಟು, ಆಮೇಲೆ ಮಾತ್ರ ಹಿಂದಕ್ಕೆ ನೆಗೆಯುತ್ತಿದ್ದಳು.

“ಒಡಿ. ಒಡ್ಕೋ. ಇನ್ನೆಷ್ಟ್ ದಿನ ಒಡ್ದೀಯೆ?”

“ಮುಂಡೆ!”

“ಊಂ, ನೀನ್ ಸತ್ರೆ ತಾನೆ ಆಗದು? ಸಾಯಕ್ಕೂ ಬಿಡ್ತಾ ಇಲ್ವಲ್ಲ ನಾನು.”

ಟಿಕ್ ಹಾಕುತ್ತಿದ್ದಳು. ಈಗ ಟಿಕ್ ಸುಳ್ಳಲ್ಲ.

ಒಂದು ಮಧ್ಯಾಹ್ನ ಮುಸುರೆ ತಿಕ್ಕಿ ಎದ್ದವಳು ಕೈ ಮಗುಚಿ ತನ್ನ ಎಡತೋಳನ್ನು ತಾನೇ ಮುಟ್ಟಿ ನೋಡಿಕೊಂಡಳು. ಬಿಸಿ. ಗಟ್ಟಿ. ರವಿಕೆ ತೋಳಿನ ಮರೆಯ ಗೀರು ಬಿಟ್ಟರೆ ಕಣ್ಣಿಗೆ ಮಾತ್ರ ಏನೂ ಕಾಣದು. ಎಣ್ಣೆಗೆಂಪಿನವಳಾಗಿದ್ದರೆ ಬಾಸುಂಡೆ ಊರಿಗೆಲ್ಲ ಕಾಣುತ್ತಿತ್ತೋ ಏನೋ, ಈ ಕಪ್ಪು ಮೈ ಎಲ್ಲವನ್ನೂ ಒಳಕ್ಕೆ ಎಳೆದುಕೊಂಡು ಕೂತಿತ್ತು.

ಭಾನುವಾರ ಬಂದರೆ ಜಗನ್ ಅಪ್ಪನ ಬಾಯಿ ಒರೆಸಿ, ಗಡ್ಡ ಹೆರೆದು, ಹುಣ್ಣಿನ ಪಕ್ಕದಲ್ಲಿ ಬೆಂಕಿಕಡ್ಡಿ ಇಟ್ಟು ಅಳೆಯುತ್ತಿದ್ದ. ಮೊದಲ ವಾರ ಪೂರಾ ಕಡ್ಡಿ. ಎರಡನೇ ವಾರ ಮುಕ್ಕಾಲು. ಮೂರನೇ ವಾರ ಅರ್ಧ.

“ನೋಡಿದ್ಯಾ ಅವ್ವಾ! ಬೈದ್ರೇನೇ ನೀನ್ ಕೆಲ್ಸ ಮಾಡೋದು. ಹೊಸ ಮಾಂಸ ಎಂಗ್ ಬತ್ತಾ ಅದೆ ನೋಡು, ನಮ್ಮ ಸಿಸ್ಟರ್‌ಗಳಿಗೆ ಫೋಟೋ ತೋರಿಸ್ತೀನಿ.”

ಆಮೇಲೆ ಎಡಗೈಯ ಉಗುರು ಕತ್ತರಿಸುತ್ತಿದ್ದ. ಉಗುರಿನ ಸಂದಿಯಲ್ಲಿ ಕಂದು ಬಣ್ಣದ ಕೊಳೆ ಕಟ್ಟಿರುತ್ತಿತ್ತು. ಹತ್ತಿ ಒದ್ದೆ ಮಾಡಿ, ಕಡ್ಡಿಗೆ ಸುತ್ತಿ, ಒಂದೊಂದಾಗಿ ತೆಗೆಯುತ್ತಿದ್ದ. “ಅಪ್ಪ ಮೈಯೆಲ್ಲ ಕೆರ್ಕೋತಾವ್ನೆ ಕಣವ್ವ. ರಕ್ತ ಬರೋ ಅಂಗೆ ಕೆರ್ಕೊಂಡವ್ನೆ. ಕೊಬ್ರಿ ಎಣ್ಣೆ ಆಕು.”

ಸಾಕಮ್ಮ ಹತ್ತಿಯಲ್ಲಿ ಅಂಟಿದ್ದ ತನ್ನ ಚರ್ಮವನ್ನು ನೋಡಿದಳು. “ಆಕ್ತೀನಿ,” ಎಂದಳು.

ಒಂದು ಬುಧವಾರ ಕವಲಂದೆಯಿಂದ ಅವಳ ತಂಗಿ ಮಾದಮ್ಮ ಬಂದಳು. ಭಾವನನ್ನು ನೋಡಲು ಬಂದವಳು ಅಕ್ಕನನ್ನು ನೋಡಿದಳು. ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅಕ್ಕನ ರವಿಕೆಯ ತೋಳು ಮೇಲಕ್ಕೆ ಸರಿಯಿತು. ಮಾದಮ್ಮ ಕೈ ಹಿಡಿದುಕೊಂಡಳು.

“ಇದೇನಕ್ಕ?”

“ಬೆಕ್ಕು.”

“ಯಾವ್ ಬೆಕ್ಕು? ಮೀಸೆ ಇರದಾ?” ಮಾದಮ್ಮ ಕೋಣೆಯ ಕಡೆ ಉಗಿದಳು. “ಥೂ ಇವ್ನ. ಅರ್ಧ ಮೈ ಸತ್ರೂ ಅರ್ಧಕ್ಕೆ ಬುದ್ಧಿ ಬರ್ಲಿಲ್ವಲ್ಲ. ಅಕ್ಕ, ನಮ್ಮೂರ್ಗೆ ಬಂದ್ಬುಡು. ಗಂಡ ಇಲ್ದೋಳ್ ಮನೆ ನಂದು, ಇಬ್ರೂ ಕೂಲಿಗ್ ಓಗನ, ಇಬ್ರೂ ಉಣ್ಣನ.”

“ಹುಣ್ಣು ಒಣಗ್ಲಿ ಕಣವ್ವ. ಅರ್ಧ ಕಡ್ಡಿ ಅದೆ ಇನ್ನು.”

“ನಿನ್ ಹುಣ್ಣಾ, ಅವ್ನ್ ಹುಣ್ಣಾ?”

ಸಾಕಮ್ಮ ಇನ್ನೊಂದು ಅವರೆಕಾಯಿ ಸುಲಿದಳು.

ಅದಾಗಿ ಬಂದ ಭಾನುವಾರ ನಟರಾಜ್ ಕುರಿ ಮಾಂಸ ತಂದ. ಕೋಮಲ ಮಸಾಲೆ ಅರೆದಳು, ಸಾಕಮ್ಮ ಸಾರಿಗೆ ಇಟ್ಟಳು. ಜಗನ್ ಅಪ್ಪನಿಗೆ ಸ್ಪಂಜಿನಲ್ಲಿ ಮೈ ಒರೆಸಿ ಪ್ಲಾಸ್ಟರ್, ಗಾಜ್ ತರಲು ಮಧ್ಯಾಹ್ನ ನರಸೀಪುರಕ್ಕೆ ಹೋದ. ಹೊಸಿಲಲ್ಲಿ ನಿಂತು ಹೇಳಿಯೇ ಹೋದ: “ಸಾರಿನ ತಿಳಿ ಕೂಡ ಕೊಡ್ಬ್ಯಾಡಿ. ಗಂಜಿ ಮಾತ್ರ.”

ಸಾರು ಕುದಿದು ವಾಸನೆ ಕೋಣೆಗೆ ಹೋಯಿತು. ಚಿಕ್ಕಮಾದು ಎಡಗೈಯಿಂದ ಮಂಚ ಬಡಿಯತೊಡಗಿದ. ಸಾಕಮ್ಮ ಗಂಜಿ ತೆಗೆದುಕೊಂಡು ಹೋದರೆ ಬಟ್ಟಲನ್ನು ಹೊಡೆದು ಹಾರಿಸಿದ. ಬಿಸಿಗಂಜಿ ಅವಳ ಕುತ್ತಿಗೆಯ ಮೇಲೆ ಸುರಿಯಿತು.

“ಗಂಡಸ್ಗೆ ಇಟ್ ಇಕ್ದೆ ಮೂರ್ ತಿಂಗ್ಳಿಂದ ಗಂಜಿ ಉಯ್ತಿದ್ದೀರಲ್ಲ, ನಿಮ್ ಕೈಗ್ ಉಳ ಬೀಳ!” ನಟರಾಜ್ ತನ್ನ ತಟ್ಟೆ ಎತ್ತಿಕೊಂಡು ಒಳಕ್ಕೆ ಬಂದ. “ಅಗಿಯಕ್ಕಾಗ್ದೆ ಓದ್ರೇನು? ಇಟ್ನ ಯಾವನಾರ ಅಗೀತಾನಾ? ನುಂಗದ್ ತಾನೆ!”

“ನುಂಗದೇ ಕಷ್ಟ ಆಗಿರದು ಕಣ್ಲಾ,” ಎಂದಳು ಸಾಕಮ್ಮ. “ಬ್ಯಾಡ. ಜಗ ಯೋಳ್ ಓಗವ್ನೆ.”

“ಆ ನರ್ಸಮ್ಮನ್ ಮಾತ್ ಕಟ್ಕೊಂಡು! ನಡಿಯಾಚೆ!” ಅವಳ ಭುಜ ಹಿಡಿದು ಹೊರಕ್ಕೆ ನೂಕಿದ.

ಅಪ್ಪನ ತಲೆಯ ಕೆಳಗೆ ಒಂದೇ ಒಂದು ದಿಂಬಿತ್ತು. ನಟರಾಜ್ ಮುದ್ದೆ ಮುರಿದು, ಉರುಟಿ, ಸಾರಿನಲ್ಲಿ ಹೊರಳಿಸಿ ಬಾಯಿಗೆ ಇಟ್ಟ. ಮೊದಲ ತುತ್ತು ಇಳಿಯಿತು. ಮುದುಕನ ಕಣ್ಣಲ್ಲಿ ನೀರು ಬಂತು, ಮಗನ ಕಣ್ಣಲ್ಲೂ ಬಂತು. ಎರಡನೆಯದೂ ಇಳಿಯಿತು. ಮೂರನೆಯದು ನಿಂತಿತು.

ಸದ್ದೇ ಇಲ್ಲ. ಕೆಮ್ಮೂ ಇಲ್ಲ. ಮುಖ ನೇರಳೆಯಾಯಿತು. ನಟರಾಜ್ “ನೆತ್ತಿಗತ್ತು, ನೆತ್ತಿಗತ್ತು” ಎನ್ನುತ್ತ ತಲೆಯ ಮೇಲೆ ತಟ್ಟಿದ. ಲೋಟದ ನೀರು ಹುಯ್ದ. ನೀರು ಕಟವಾಯಿಯಲ್ಲಿ ಹೊರಗೆ ಬಂತು. “ಅಯ್ಯಯ್ಯೋ, ಆಸ್ಪತ್ರೆಗೆ, ಆಸ್ಪತ್ರೆಗೆ!” ಎಂದು ತಟ್ಟೆ ಎಸೆದು ಆಟೋ ಸ್ಟಾರ್ಟ್ ಮಾಡಲು ಓಡಿದ.

ಸಾಕಮ್ಮ ಬಾಗಿಲಲ್ಲಿ ನಿಂತಿದ್ದಳು. ಆ ಎಡಗೈ ಗಾಳಿಯಲ್ಲಿ ಆಡುತ್ತಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ಅದು ಯಾರನ್ನೂ ಹೊಡೆಯಲು ಆಡುತ್ತಿರಲಿಲ್ಲ. ಅವಳು ನೋಡಿದಳು. ಒಂದು ಉಸಿರು ನೋಡಿದಳು, ಎರಡು ಉಸಿರು ನೋಡಿದಳು. ಕೋಮಲ ಹಿಂದಿನಿಂದ “ಅತ್ತೇ!” ಎಂದು ಕಿರುಚಿದಳು.

ಕೈ ತಾನೇ ಹೋಯಿತು. ಭುಜಕ್ಕೊಂದು, ಸೊಂಟಕ್ಕೊಂದು. ಬಲ ಮಗ್ಗುಲಿಗೆ ಒಂದೇ ಎಳೆತ. ತಲೆಯನ್ನು ಮಂಚದ ಅಂಚಿಗೆ ತಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಹೊಡೆದಳು. ಒಂದು. ಎರಡು. ಮೂರು. ಅವಳಿಗೆ ಅಷ್ಟು ಬಲ ಎಲ್ಲಿತ್ತೋ, ಮಂಚ ಕಿರುಗುಟ್ಟಿತು. ನಾಲ್ಕು. ಐದನೆಯದಕ್ಕೆ ಮುದ್ದೆ ಬಾಯಿಗೆ ಬಂತು. ಬೆರಳು ಹಾಕಿ ಸೆಳೆದು ತೆಗೆದಳು. ಹಾ ಎಂದು ಉಸಿರು ಒಳಗೆ ಹೋಯಿತು. ಹೋದ ಕೂಡಲೇ ದವಡೆ ಮುಚ್ಚಿತು, ಬೆರಳು ಹಲ್ಲಿನ ನಡುವೆ ಸಿಕ್ಕಿತು. ಎಡಗೈ ಮೇಲಕ್ಕೆ ಬಂದು ಜುಟ್ಟು ಹಿಡಿಯಿತು.

ಅವಳು ಬೆರಳು ಬಿಡಿಸಿಕೊಳ್ಳಲು ಅವನ ಬೆನ್ನಿಗೆ ಇನ್ನೊಂದು ಏಟು ಹಾಕಿದಳು. ನಟರಾಜ್ ಒಳಕ್ಕೆ ಬಂದದ್ದು ಆಗ.

“ಸಾಯ್ತಾ ಇರೋನ್ನ ಒಡೀತೀಯಾ, ಬೋಸುಡಿ!”

ಅವನು ತಾಯಿಯ ಕೆನ್ನೆಗೆ ಹೊಡೆದ. ಅವನದು ಬಲಗೈ, ಏಟು ಎಡಗಿವಿಯ ಮೇಲೆ ಬಿತ್ತು. ಸಾಕಮ್ಮ ಮಂಚದ ಕಾಲಿಗೆ ತಗುಲಿ ಬಿದ್ದಳು.

“ಅತ್ತೆ ಉಳ್ಸವ್ರೆ ಕಣ್ರೀ ನಿಮ್ಮಪ್ಪನ್ನ! ಕಣ್ ಕಾಣಕಿಲ್ವಾ?” ಕೋಮಲ ಗಂಡನ ಅಂಗಿ ಹಿಡಿದು ಜಗ್ಗಿದಳು. ಅವಳಿಗೂ ಒಂದು ಬಿತ್ತು. ಅವಳು ಅಷ್ಟಕ್ಕೇ ಬಿಡದೆ ಹಾರಿಬಿದ್ದಿದ್ದ ತಟ್ಟೆಯನ್ನು ಎತ್ತಿ ಅವನ ಮುಖಕ್ಕೆ ಬೀಸಿದಳು. ಹುಬ್ಬು ಸೀಳಿ ರಕ್ತ ಬಂತು.

ಪ್ಲಾಸ್ಟಿಕ್ ಕವರು ಹಿಡಿದು ಜಗನ್ ಒಳಗೆ ಬಂದಾಗ ನೆಲದ ತುಂಬ ಸಾರು, ಮೂಳೆ, ರಕ್ತ. ಅವನು ಯಾರನ್ನೂ ನೋಡಲಿಲ್ಲ. ನೇರ ಮಂಚಕ್ಕೆ ಹೋದ. ತುಟಿ ನೋಡಿದ, ಉಗುರು ನೋಡಿದ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎಡಕ್ಕೂ ಬಲಕ್ಕೂ ಕೇಳಿದ, ವಾಚು ನೋಡುತ್ತ ಉಸಿರು ಎಣಿಸಿದ.

“ಸದ್ಯ. ಉಸಿರು ಹೋಗ್ತಾ ಅದೆ. ಎರಡು ದಿನ ಜ್ವರ ನೋಡ್ಬೇಕು.” ನೆಲದ ಮೇಲಿದ್ದ ಮುದ್ದೆಯ ಉಂಡೆಯನ್ನು ಎತ್ತಿ ಹಿಡಿದ. “ಯಾರ್ ಇದ್ನ ತಿನ್ಸಿದ್ದು?”

“ನಾನೇ. ಏನೀಗ?” ಎಂದ ನಟರಾಜ್.

ಜಗನ್ ಆ ಉಂಡೆಯನ್ನು ಅಣ್ಣನ ಬಾಯಿಗೆ ತುರುಕಲು ಹೋದ. ಇಬ್ಬರೂ ಉರುಳಿದರು. ಗೋಡೆಯ ಬುದ್ಧನ ಪಟ ಓರೆಯಾಯಿತು, ಔಷಧಿ ಬಾಟಲಿ ಒಡೆಯಿತು, ಜಗನ್ನನ ತುಟಿ ಹರಿಯಿತು. ಕೆಂಪಾಜಮ್ಮ ಬೀದಿಯಿಂದ ಇಣುಕಿ, “ಅಪ್ಪ ಒಡೆಯದ್ ನಿಲ್ಸುದ್ರೆ ಮಕ್ಳು ಸುರು ಮಾಡವ್ರೆ,” ಎಂದು ಹೋದಳು.

ಏದುಸಿರು ಬಿಡುತ್ತ ಎದ್ದ ಜಗನ್ ತಾಯಿಯ ಕಡೆ ತಿರುಗಿದ. “ಇವ್ನಿಗೆ ಬುದ್ಧಿ ಇಲ್ಲ, ಸರಿ. ನಿಂಗೆ ಎಲ್ಲಾ ಹೇಳ್ಕೊಟ್ಟಿದ್ನಲ್ಲವ್ವಾ! ನೀನಿದ್ದೂ ತಿನ್ಸಕ್ಕೆ ಎಂಗ್ ಬಿಟ್ಟೆ? ನಿಂಗೆ ಅಪ್ಪ ಸಾಯ್ಲಿ ಅಂತಾನೇ ಇತ್ತಾ?”

ಸಾಕಮ್ಮ ಎದ್ದಳು. ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ರವಿಕೆಯ ತೋಳನ್ನು ಹೆಗಲ ತನಕ ಏರಿಸಿ ಅವನ ಮುಂದೆ ಚಾಚಿದಳು. ಊತದ ಮೇಲೆ ಊತ. ಉಗುರು ಹರಿದ ಗೀರು, ಒಣಗಿದ್ದು, ಹಸಿಯಿದ್ದದ್ದು.

“ಕಣ್ಣನ್ನ ನಂಬ್ಬ್ಯಾಡ. ಕೈ ಮಗುಚಿ ಮುಟ್ ನೋಡು.”

ಜಗನ್ ಮುಟ್ಟಿದ. ಕೈಯನ್ನು ಸರ್ರನೆ ಹಿಂದಕ್ಕೆ ತೆಗೆದ.

“ಭಾನುವಾರ ಭಾನುವಾರ ಉಗುರ್ನಿಂದ ಹತ್ತೀಲಿ ತೆಗ್ದು ಬಿಸಾಕ್ತಿದ್ಯಲ್ಲ, ಅದ್ ನಿಮ್ಮಪ್ಪನ್ ಚರ್ಮ ಅಲ್ಲ ಕಣಪ್ಪ.”

“ಯಾಕವ್ವಾ... ಹೇಳ್ಬಾರ್ದಿತ್ತಾ?”

“ನೀನು ಅವ್ನ ಬೆನ್ ದಿನಾ ಮುಟ್ ನೋಡ್ತಿದ್ದೆ. ನಾನು ಅಲ್ಲೇ ಲೈಟ್ ಇಡ್ಕೊಂಡ್ ನಿಂತಿದ್ದೆ. ಒಂದ್ ಮೊಳ ದೂರ.”

ಜಗನ್ ಕವರಿನಿಂದ ಹೊಸ ಗಾಜ್ ತೆಗೆದ. “ಕುಂತ್ಕೋ. ಡ್ರೆಸಿಂಗ್ ಮಾಡ್ತೀನಿ. ಕುಂತ್ಕೋ ಅವ್ವಾ.”

“ಅದು ಅವ್ನ್ಗೆ ತಂದಿರದು. ಮಡ್ಗು.”

ಅವಳು ಒಳಗೆ ಹೋಗಿ ಎರಡು ಸೀರೆ, ಬಾಚಣಿಗೆ, ಆಧಾರ್ ಕಾರ್ಡು ಕೈಚೀಲಕ್ಕೆ ಹಾಕಿಕೊಂಡು ಬಂದಳು. ಬೆರಳಿಗೆ ಹಳೇ ರವಿಕೆಯ ಚೂರು ಸುತ್ತಿದ್ದಳು. ಕೋಮಲ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟಳು, ಹೋಗಬೇಡಿ ಅನ್ನಲಿಲ್ಲ.

“ಓಗ್ಲಿ ಬುಡು,” ಎಂದ ನಟರಾಜ್, ಹುಬ್ಬಿಗೆ ಟವೆಲ್ ಒತ್ತಿಕೊಂಡು. “ಕತ್ಲಾಗದ್ರೊಳ್ಗೆ ಬತ್ತಾಳೆ. ಏನ್ ಮಹಾ ಕೆಲ್ಸ ಅದು, ನಾನೇ ಮಾಡ್ತೀನಿ.”

ಸಾಕಮ್ಮ ಗಡಿಯಾರ ನೋಡಿದಳು.

“ನಾಕ್ ಗಂಟೆ ಆಯ್ತು. ಬಲ ಮಗ್ಗುಲು. ಎಡಗೈ ಮ್ಯಾಕ್ಕೆ ಬತ್ತದೆ, ಉಸಾರು.”

ಹೊಸಿಲು ದಾಟಿದಳು. ಕೆಂಪಾಜಮ್ಮನ ಜಗುಲಿಯ ಹತ್ತಿರ ಹೋಗುವಷ್ಟರಲ್ಲಿ ಹಿಂದೆ ಮನೆಯೊಳಗೆ ಪಟೀರೆಂದಿತು. ಆಮೇಲೆ ನಟರಾಜನ “ಅಯ್ಯೋ ಇವ್ನ!”, ಆಮೇಲೆ ಗೊಗ್ಗರು ದನಿಯಲ್ಲಿ ಆ ಒಂದೇ ಮಾತು. ಮಗನ ಏಟಿಗೆ ಗುಂಯ್‌ಗುಡುತ್ತಿದ್ದ ಎಡಗಿವಿಗೂ ಅದು ಕೇಳಿಸಿತು. ಅವಳು ನಿಲ್ಲಲಿಲ್ಲ. ನರಸೀಪುರದ ಬಸ್ಸು ತಿರುವಿನಲ್ಲಿ ಹಾರ್ನ್ ಮಾಡುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಅಡ್ಡ ಹಿಡಿದಳು.

ಗೋಡೆಯ ಹಾಳೆಯಲ್ಲಿ ಅವತ್ತಿನ ನಾಲ್ಕು ಗಂಟೆಯ ಮುಂದೆ ಯಾರೂ ಟಿಕ್ ಹಾಕಲಿಲ್ಲ. ಹಾಕುವವಳು ಮತ್ತೆ ಬರಲೂ ಇಲ್ಲ.